ಮಾತು ಕೇಳಿಸುವಷ್ಟು ದೂರ

ಜನವರಿ ೯, ಶುಕ್ರವಾರ

ತಂಗಿಯ ಮದುವೆ ಫೆಬ್ರವರಿ ಇಪ್ಪತ್ತಕ್ಕೆ ಗೊತ್ತಾಯಿತು. ಬೆಳಿಗ್ಗೆ ನೋಂದಣಿ ಕಚೇರಿಯಲ್ಲಿ ಸಹಿ, ಮಧ್ಯಾಹ್ನ ಅಂಚೆ ಕಚೇರಿಯ ಹಿಂದಿನ ಹಾಲ್‌ನಲ್ಲಿ ಅರವತ್ತು ಜನಕ್ಕೆ ಊಟ. ಸಂತೋಷದ ವಿಷಯ ಇಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ನನ್ನ ತಲೆ ಕೆಡಿಸುವುದಕ್ಕೆಂದೇ ಹುಟ್ಟಿಕೊಂಡದ್ದು.

ಅಮ್ಮನ ತಮ್ಮ, ನಮ್ಮ ಮಾವ, ಸೋಫಾದ ಮೇಲೆ ಕಾಲು ನೀಡಿಕೊಂಡು ಅಪ್ಪಣೆ ಹೊರಡಿಸಿದ. "ಫೋಟೋಗೆ ಹೊರಗಿನವರು ಯಾಕೆ? ಮನೇಲೇ ಫೋಟೋದವಳು ಇದ್ದಾಳಲ್ಲ."

"ಮಾವ, ನಾನು ತೆಗೆಯೋದು ಗುದ್ದಿಸಿಕೊಂಡ ಕಾರುಗಳ ಫೋಟೋ."

"ಕ್ಯಾಮೆರಾ ಅಂದ್ರೆ ಕ್ಯಾಮೆರಾನೇ ತಾನೆ?"

"ಹಾಗಾದ್ರೆ ಎಕ್ಸ್‌ರೇ ತೆಗೆಯೋನನ್ನ ಕರೀರಿ. ಅವನದೂ ಕ್ಯಾಮೆರಾನೇ."

ಯಾರೂ ನಗಲಿಲ್ಲ. ಹನ್ನೊಂದು ವರ್ಷದಿಂದ ವಿಮೆಯ ಸರ್ವೆ ಕಚೇರಿಯಲ್ಲಿ ಇದೇ ಕೆಲಸ ನನ್ನದು. ಬಂಪರ್, ಬಾಗಿಲು, ಗಾಜು. ಒಂದು ಅಡಿ ದೂರ, ನೆರಳು ಬೀಳದ ಹಾಗೆ ಲೆನ್ಸಿನ ಸುತ್ತ ದೀಪದ ಬಳೆ, ಎದುರು, ಎಡ, ಬಲ ಎಂದು ಮೂರು ಕೋನ. ಎಲ್ಲದರಲ್ಲೂ ನಂಬರು ಬರೆದ ಚೀಟಿ ಕಾಣಬೇಕು. ಕಚೇರಿಯಲ್ಲಿ ನನ್ನ ಹೆಸರೇ ಡೆಂಟಕ್ಕ. ಮದುಮಗಳನ್ನು ನಿಲ್ಲಿಸಿ ತೆಗೆ ಎಂದರೆ ಎಲ್ಲಿಂದ ಶುರು ಮಾಡಲಿ, ಹೆಡ್‌ಲೈಟಿನಿಂದಲೇ?

ಇಷ್ಟರ ಮೇಲೆ ಅಪ್ಪ ಬಾಯಿ ಬಿಟ್ಟರು. "ನನ್ನೊಬ್ಬನ್ನ ಬಿಟ್ಟು ಯಾರನ್ನ ಬೇಕಾದ್ರೂ ತೆಗಿ." ಕರವಸ್ತ್ರದಿಂದ ಬಲಗಣ್ಣು ಒತ್ತಿಕೊಂಡು ಎದ್ದು ಹೋದರು. ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ ಅವರ ಮುಖದ ಬಲಭಾಗದ ನರ ಸೋತಿತು. ಹುಬ್ಬು ಏಳುವುದಿಲ್ಲ, ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಬಾಯಿ ಎಡಕ್ಕೆ ಎಳೆದುಕೊಂಡಿದೆ. ಮೂರು ತಿಂಗಳಲ್ಲಿ ಸರಿಹೋಗುತ್ತದೆ ಎಂದಿದ್ದ ಡಾಕ್ಟರು ಈಗ ನೋಡೋಣ ನೋಡೋಣ ಎನ್ನುತ್ತಾರೆ. ಆವತ್ತಿನಿಂದ ಅಪ್ಪ ಒಂದು ಫೋಟೋದಲ್ಲೂ ಇಲ್ಲ. ತಂಗಿಯ ಹುಡುಗನ ಮನೆಯವರು ಬಂದಾಗ, ಎಲ್ಲರೂ ಫೋಟೋಗೆ ನಿಂತ ಹೊತ್ತಲ್ಲಿ, ಅಡುಗೆಮನೆಗೆ ಹೋಗಿ ಲೋಟ ಎಣಿಸುತ್ತ ನಿಂತಿದ್ದರು.

ತಂಗಿ ನನ್ನ ಕೋಣೆಗೆ ಬಂದಳು. "ನನಗೆ ಆಲ್ಬಮ್ ಬೇಡ ಅಕ್ಕ. ಅಪ್ಪನ ಜೊತೆ ಒಂದೇ ಒಂದು ಫೋಟೋ ಬೇಕು. ಅದೊಂದು ತೆಗೆದುಕೊಡು, ಉಳಿದಿದ್ದು ಹಾಳಾಗಿ ಹೋಗ್ಲಿ."

ಹಠ ಯಾರದೋ, ಪಾಡು ನನ್ನದು. ಇಷ್ಟು ನಾಚಿಕೆ ಇರುವ ಅಪ್ಪ ಮೇ ತಿಂಗಳಲ್ಲಿ ಚಿಕಿತ್ಸೆಯ ವಿಮೆ ಅರ್ಜಿಗೆ ಫೋಟೋ ಬೇಕೆಂದಾಗ ಸುಮ್ಮನೆ ಕೂತಿದ್ದರಲ್ಲ? ನಾನೇ ತೆಗೆದೆ. ಕಚೇರಿಯ ಕ್ಯಾಮೆರಾ, ಮೂರು ಕೋನ, ಐದು ನಿಮಿಷದ ಕೆಲಸ. ಅರ್ಜಿ ಒಂದೇ ಸಲಕ್ಕೆ ಪಾಸಾಯಿತು. ಅದಕ್ಕೊಂದು ಒಳ್ಳೆಯ ಮಾತೂ ಬರಲಿಲ್ಲ ಅವರ ಬಾಯಿಂದ.

ಜನವರಿ ೧೨, ಸೋಮವಾರ

ಕ್ಯಾಮೆರಾ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆ. ಅಲ್ಲಿಯವನಿಗೆ ಎಂಬತ್ತೈದು ಎಂದು ಹೆಸರಿಟ್ಟಿದ್ದೇನೆ. ಏನು ಕೇಳಿದರೂ ಎಂಬತ್ತೈದು ಎಂ.ಎಂ. ಲೆನ್ಸು ತಗೊಳ್ಳಿ ಎನ್ನುತ್ತಾನೆ. ಜ್ವರಕ್ಕೂ ಅದನ್ನೇ ಕೊಡುತ್ತಾನೋ ಏನೋ.

ನನ್ನ ಹತ್ತಿರ ಇರುವುದು ಇಪ್ಪತ್ತನಾಲ್ಕರ ಲೆನ್ಸು, ಹತ್ತಿರದಿಂದಲೇ ಎಲ್ಲ ಹಿಡಿಸುವಂಥದ್ದು. ಅದನ್ನು ನೋಡಿ ಅವನು ಕೈ ಅಡ್ಡ ಹಿಡಿದ. "ಇದರಲ್ಲಿ ಮುಖ ತೆಗೆದೀರಾ, ಜೋಕೆ. ಹತ್ತಿರ ಹೋದಷ್ಟೂ ಮುಂದಿರೋದು ಉಬ್ಬುತ್ತೆ, ಹಿಂದಿರೋದು ಓಡಿಹೋಗುತ್ತೆ. ಮೂಗು ಬದನೆಕಾಯಿ ಆಗುತ್ತೆ. ಚೂರು ಓರೆ ಇರೋದು ಪೂರ್ತಿ ಓರೆ ಕಾಣುತ್ತೆ. ಎಂಬತ್ತೈದು ಹಾಕ್ಕೊಂಡು ಹಿಂದೆ ಸರೀರಿ, ಮುಖ ಅದರ ಜಾಗದಲ್ಲಿ ತಾನೇ ಕೂತ್ಕೊಳ್ಳುತ್ತೆ."

ಗೊತ್ತಿಲ್ಲದ್ದೇನಲ್ಲ. ಹೇಳುವ ಧಾಟಿಗೆ ಮೈ ಉರಿಯಿತು. ನೂರಮೂವತ್ತೈದು ಕೊಡಿ ಎಂದೆ.

"ಅಷ್ಟು ದೂರದಿಂದ ಯಾರನ್ನ ತೆಗೀತೀರಿ?"

"ನಮ್ಮ ಅಪ್ಪನ್ನ. ಅವರಿಗೆ ಗೊತ್ತಾಗಬಾರದು."

"ಅದು ಕಾಡಿಗೆ ಹೋಗೋರು ಕೇಳೋ ಲೆನ್ಸು ಮೇಡಂ," ಎಂದ. ಆದರೂ ಕೊಟ್ಟ. ಮುಖ ಹುಳ್ಳಗೆ ಮಾಡಿಕೊಂಡೇ ಕೊಟ್ಟ.

ನನ್ನ ಲೆಕ್ಕಾಚಾರ ಸರಳ. ಕೇಳಿದರೆ ಬೇಡ ಎನ್ನುವವರನ್ನು ಕೇಳುವುದೇ ಬೇಡ. ಹಾಲ್‌ನ ಆ ತುದಿಯಲ್ಲಿ ಅಪ್ಪ ತಂಗಿಯ ಪಕ್ಕ ಒಂದು ನಿಮಿಷ ನಿಂತರೆ ಸಾಕು, ಈ ತುದಿಯಿಂದ ಹೊಡೆದುಕೊಳ್ಳುತ್ತೇನೆ. ಅದಕ್ಕೆ ಮೊದಲು ಒಮ್ಮೆ ಅಭ್ಯಾಸ ಆಗಬೇಕು.

ಜನವರಿ ೧೭, ಶನಿವಾರ

ಅಪ್ಪನ ಗಡಿಯಾರ ರಿಪೇರಿ ಅಂಗಡಿಯ ಎದುರು ಒಂದು ಔಷಧಿ ಅಂಗಡಿ ಇದೆ. ಅದರ ಕಂಬದ ಮರೆಯಲ್ಲಿ ನಿಂತುಕೊಂಡೆ. ಮೂವತ್ತೈದು ವರ್ಷದ ಹೆಂಗಸು ಹಾಡಹಗಲಲ್ಲಿ ಸ್ವಂತ ಅಪ್ಪನನ್ನು ಕದ್ದು ನೋಡುತ್ತ ನಿಲ್ಲುವ ಹಾಗೆ ಮಾಡಿದರಲ್ಲ ಎಂದು ಅವರ ಮೇಲೇ ಸಿಟ್ಟು.

ಲೆನ್ಸು ಒಳ್ಳೆಯದೇ. ಅಪ್ಪ ಪಕ್ಕದಲ್ಲೇ ಕೂತಷ್ಟು ಸ್ಪಷ್ಟ. ಮೇಜಿನ ಮೇಲೆ ಯಾರದೋ ಕೈಗಡಿಯಾರ ಬಿಚ್ಚಿಟ್ಟಿತ್ತು. ಅಪ್ಪ ಆ ಕರಿಯ ಭೂತಗನ್ನಡಿ ತೆಗೆದು ಬಲಗಣ್ಣಿಗೆ ಸಿಕ್ಕಿಸಿಕೊಂಡರು. ಹುಬ್ಬಿನಿಂದ ಒತ್ತಿ ಹಿಡಿಯುವಂಥದ್ದು ಅದು, ನಾವು ಚಿಕ್ಕವರಿದ್ದಾಗ ಅವರು ಅದನ್ನು ಹಾಕಿಕೊಂಡೇ ತಿರುಗಿ ನೋಡಿ ಹೆದರಿಸುತ್ತಿದ್ದರು. ಬಿತ್ತು. ಅಂಗೈಯಲ್ಲಿ ಹಿಡಿದುಕೊಂಡು ಮತ್ತೆ ಸಿಕ್ಕಿಸಿದರು. ಮತ್ತೆ ಬಿತ್ತು. ಆಮೇಲೆ ರಸ್ತೆಯ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೂರನೇ ಸಲ.

ಹನ್ನೊಂದು ಫೋಟೋ ತೆಗೆದಿದ್ದೇನೆ. ಬೆರಳು ತಾನಾಗಿಯೇ ಒತ್ತುತ್ತ ಹೋಯಿತು.

ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ದಿನಾ ಹೇಳುತ್ತಾರೆ. ಎಡಗಣ್ಣು ಏನಾಗಿದೆ? ಎಡಗಣ್ಣಿಗೆ ಹಾಕಿಕೊಳ್ಳಬಾರದೇ? ಹೇಳಿದರೆ ನಾವೇನು ತಿಂದುಹಾಕುತ್ತಿದ್ದೆವೇ? ಸಿಟ್ಟು ನೆತ್ತಿಗೇರಿ ತಲೆನೋವು ಬಂದಿದೆ. ಆ ಔಷಧಿ ಅಂಗಡಿಯಲ್ಲೇ ಮಾತ್ರೆ ತಂದೆ.

ಜನವರಿ ೨೦, ಮಂಗಳವಾರ

ಮಾವನ ಹೊಸ ಸಲಹೆ. "ಭಾವನ ಹಳೇ ಫೋಟೋ ಇದೆಯಲ್ಲ, ಆ ಮುಖಾನೇ ಕಂಪ್ಯೂಟರ್‌ನಲ್ಲಿ ಅಂಟಿಸಿಬಿಡು. ಯಾರಿಗೆ ಗೊತ್ತಾಗುತ್ತೆ?"

"ಮಾವ, ನಿಮ್ಮ ತಲೆಗೆ ಕೂದಲು ಅಂಟಿಸೋ ಕೆಲಸ ಮೊದಲಿದೆ," ಎಂದೆ. ಅಮ್ಮ ನನ್ನನ್ನು ಬೈದಳು. ಅವನನ್ನಲ್ಲ, ನನ್ನನ್ನು.

ಜನವರಿ ೨೫, ಭಾನುವಾರ

ತಂಗಿಗೆ ಫೋಟೋಗಳನ್ನು ತೋರಿಸಿದೆ. ನೋಡು, ಎಷ್ಟು ಚೆನ್ನಾಗಿ ಬಂದಿವೆ, ಮದುವೆಯ ದಿನವೂ ಹೀಗೇ ತೆಗೆದುಬಿಡುತ್ತೇನೆ ಎಂದೆ. ಹೊಗಳುತ್ತಾಳೆಂದುಕೊಂಡಿದ್ದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳ ಮುಖ ಕೆಂಪಗಾಯಿತು.

"ಅಪ್ಪನ್ನ ಕದ್ದು ತೆಗೆದ್ಯಾ?"

"ಮತ್ತೇನು ಮಾಡ್ಲಿ? ಕೈ ಮುಗಿದು ಬೇಡ್ಲಾ?"

"ಕದ್ದ ಫೋಟೋ ನನಗೆ ಬೇಡ. ಅಪ್ಪನ ಮುಖ ಬೇಕು ಅಂತ ಕೇಳಲಿಲ್ಲ ಅಕ್ಕ. ಅಪ್ಪ ನನ್ನ ಪಕ್ಕ ನಿಂತ್ಕೋಬೇಕು ಅಂತ ಕೇಳಿದ್ದು. ತಾವಾಗೇ."

"ಹಾಗಾದ್ರೆ ನೀನೇ ಒಪ್ಪಿಸು."

"ಕೇಳಿದೆ. ಯಾಕಪ್ಪ ಬೇಡ ಅಂದೆ. ನಿಮ್ಮಕ್ಕನ್ನ ಕೇಳು ಅಂದ್ರು."

ನನ್ನನ್ನು ಕೇಳಬೇಕಂತೆ. ಈ ಮನೆಯಲ್ಲಿ ಗ್ಯಾಸ್ ಮುಗಿದರೂ ನನ್ನನ್ನೇ ಕೇಳುತ್ತಾರೆ, ನಲ್ಲಿ ಸೋರಿದರೂ ನನ್ನನ್ನೇ. ಈಗ ಅಪ್ಪನ ಹಠಕ್ಕೂ ನಾನೇ ಉತ್ತರ ಕೊಡಬೇಕು. ನನಗೇನು ಗೊತ್ತು? ನಾನೇನು ಅವರ ಹೊಟ್ಟೆಯೊಳಗೆ ಹೊಕ್ಕು ನೋಡಿದ್ದೇನೆಯೇ?

ತಂಗಿ ಎರಡು ದಿನದಿಂದ ಮಾತಾಡಿಲ್ಲ ಎಂದು ಬರೆಯಬೇಕೆಂದುಕೊಂಡೆ. ಲೆಕ್ಕ ಹಾಕಿದರೆ ಮೂರೇ ಗಂಟೆ ಆಗಿದೆ.

ಫೆಬ್ರವರಿ ೩, ಮಂಗಳವಾರ

ಇವತ್ತಿನ ಗಾಡಿ ಒಂದು ಹಳೆಯ ಬಿಳಿ ಕಾರು. ಎಡಬಾಗಿಲು ಒಳಕ್ಕೆ ಹೋಗಿತ್ತು. ಮಾಲೀಕ ಮುದುಕ, ಬಟ್ಟೆ ಹಿಡಿದು ಬಾಗಿಲು ಒರೆಸುತ್ತಲೇ ಇದ್ದ. ಒರೆಸಬೇಡಿ, ಗುರುತು ಹೋಗುತ್ತೆ ಎಂದು ಗದರಿದೆ. ನಾನು ಮೂರು ಕೋನ ಮುಗಿಸಿ ಚೀಟಿ ತೆಗೆಯುತ್ತಿದ್ದಾಗ ಅವನೆಂದ, "ಬರೀ ಪೆಟ್ಟು ಬಿದ್ದಿದ್ದನ್ನೇ ತೆಗೆದ್ರಲ್ಲ ಅಮ್ಮ, ಗಾಡಿ ಪೂರ್ತಿ ಒಂದು ತೆಗೀರಿ."

"ಗಾಡಿ ಪೂರ್ತಿ ನಮಗೆ ಬೇಕಾಗಿಲ್ಲ."

"ಬೇಕಾಗಲ್ಲ, ಗೊತ್ತು. ಸುಮ್ಮನೆ."

ಹಿಂದೆ ಹಿಂದೆ ಹೋಗಿ, ಕಾಂಪೌಂಡಿಗೆ ಬೆನ್ನು ತಾಗುವಷ್ಟು ಹೋಗಿ, ಒಂದು ತೆಗೆದೆ. ಅರ್ಜಿಗೆ ಉಪಯೋಗವಿಲ್ಲದ ಫೋಟೋ. ಇಂಥವರಿಂದಲೇ ನನ್ನ ದಿನ ಹಾಳಾಗುವುದು.

ಫೆಬ್ರವರಿ ೬, ಶುಕ್ರವಾರ

ಕೇಳಿಯೇಬಿಡೋಣ ಎಂದು ಅಪ್ಪನ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ನಿಮ್ಮ ಮುಖದ ಚಿಂತೆಯಲ್ಲಿ ಮಗಳ ಮದುವೆ ಹಾಳು ಮಾಡಬೇಡಿ, ಇಷ್ಟು ಸ್ವಾರ್ಥ ಯಾರಿಗೂ ಇರಬಾರದು, ಹೀಗೆ. ಅಪ್ಪ ಯಾವುದೋ ಗೋಡೆಗಡಿಯಾರದ ಹಿಂಬದಿ ಬಿಚ್ಚುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಬಂದ್ಯಾ, ಎರಡನೇ ಡ್ರಾಯರಿನಲ್ಲಿ ಸಣ್ಣ ತಿರುಪುಳಿ ಇದೆ, ಕೊಡು," ಎಂದರು.

ಡ್ರಾಯರಿನಲ್ಲಿ ತಿರುಪುಳಿಯ ಕೆಳಗೆ ಮೂರು ಫೋಟೋ ಇದ್ದವು. ಎದುರು, ಎಡ, ಬಲ.

ನಾನು ತೆಗೆದದ್ದು. ಅರ್ಜಿಗೆ ಕೊಟ್ಟು ಉಳಿದ ಪ್ರತಿ. ತೆಗೆದ ದಿನ ನಾನು ಅವುಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎಂದು ಈಗ ಗೊತ್ತಾಗುತ್ತಿದೆ. ಒಂದು ಅಡಿ ದೂರ, ಇಪ್ಪತ್ತನಾಲ್ಕರ ಲೆನ್ಸು, ದೀಪದ ಬಳೆ. ಮೂಗು ಮುಂದಕ್ಕೆ ಬಂದು, ಕಿವಿ ಹಿಂದಕ್ಕೆ ಹೋಗಿ, ಜಾರಿದ ಕೆನ್ನೆ ಇಡೀ ಫೋಟೋ ತುಂಬಿಕೊಂಡಿತ್ತು. ಕಣ್ಣೊಳಗೆ ದೀಪದ ಬಳೆ ಬೆಳ್ಳಗೆ ಕೂತಿತ್ತು. ಅಪ್ಪ ಗದ್ದದ ಕೆಳಗೆ ಚೀಟಿ ಹಿಡಿದುಕೊಂಡಿದ್ದರು. ಚೀಟಿಯಲ್ಲಿ ನಂಬರು. ನಂಬರಿನ ಕೆಳಗೆ ನನ್ನ ಕೈಬರಹ.

ಹಾನಿ: ಬಲಭಾಗ. ದುರಸ್ತಿ: ಅನುಮಾನ.

ಅಭ್ಯಾಸಬಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಬರೆಯುತ್ತೇನೆ. ಎಲ್ಲಾ ಚೀಟಿಗಳಲ್ಲೂ ಎರಡು ಸಾಲು ಬರೆಯಲೇಬೇಕು, ಕೈ ಬರೆದಿದೆ. ಬರೆದು ಅಪ್ಪನ ಕೈಗೇ ಕೊಟ್ಟಿದ್ದೇನೆ. ಸರಿಯಾಗಿ ಹಿಡ್ಕೊಳ್ಳಿ, ಅಕ್ಷರ ಕಾಣಬೇಕು ಎಂದೂ ಹೇಳಿರುತ್ತೇನೆ. ಎಲ್ಲರಿಗೂ ಹೇಳುತ್ತೇನೆ.

ಅಪ್ಪ ತಿರುಪುಳಿಗೆ ಕೈ ಚಾಚಿಕೊಂಡೇ ಇದ್ದರು. "ಮೂವತ್ತಾರು ವರ್ಷ ಆಯ್ತು ಈ ಮೇಜಿನ ಮುಂದೆ ಕೂತು," ಎಂದರು. "ಕೆಲವು ಗಡಿಯಾರ ತೆಗೆದ ತಕ್ಷಣ ಗೊತ್ತಾಗುತ್ತೆ, ಇದು ಏಳಲ್ಲ ಅಂತ. ಆದ್ರೂ ಗಿರಾಕಿ ಮುಖ ನೋಡ್ಕೊಂಡು ಆ ಮಾತು ಒಂದು ದಿನಾನೂ ಆಡಿಲ್ಲ ನಾನು. ಬಿಟ್ಟು ಹೋಗಿ, ನೋಡ್ತೀನಿ ಅಂತೀನಿ."

ಸಿಟ್ಟು ಮಾಡಿಕೊಂಡು ಹೇಳಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು.

"ಮೊದಲೇ ಯಾಕೆ ಹೇಳಲಿಲ್ಲ ಅಪ್ಪ?"

"ಏನು ಹೇಳೋದು? ನೀನು ದಿನಾ ಇಂಥದ್ದು ನೋಡೋಳು. ಯಾವುದು ಏಳುತ್ತೆ, ಯಾವುದು ಏಳಲ್ಲ ಅಂತ ನಿನಗೆ ತಿಳಿಯುತ್ತೆ ಅಂದ್ಕೊಂಡೆ. ಆವತ್ತು ಕನ್ನಡಿ ನೋಡಿ ಇಷ್ಟೇನಿಲ್ಲ ಬಿಡು ಅಂತಿದ್ದೆ. ಇದು ಕೈಗೆ ಬಂದ ಮೇಲೆ, ಮಗಳ ಕಣ್ಣಿಗೆ ಹೀಗೆ ಕಾಣ್ತೀನಿ ಅಂತ ಗೊತ್ತಾಯ್ತು."

ತಿರುಪುಳಿ ಕೊಟ್ಟು ಬಂದುಬಿಟ್ಟೆ. ಬಸ್ಸಿನಲ್ಲಿ ಪಕ್ಕದವರು ಜಾಗ ಬಿಟ್ಟುಕೊಟ್ಟರು. ನನ್ನ ಮುಖ ಹೇಗಿತ್ತೋ ಏನೋ.

ಫೆಬ್ರವರಿ ೭, ಶನಿವಾರ

ನನ್ನ ಕೈ ಕಡಿದುಹಾಕಬೇಕು.

ಫೆಬ್ರವರಿ ೮, ಭಾನುವಾರ

ಕಚೇರಿಯ ದೀಪದ ಬಳೆಯನ್ನು ಚೀಲದಿಂದ ತೆಗೆದು ಬೀರುವಿನ ಮೇಲೆ ಎಸೆದೆ. ಅದು ಕಚೇರಿಯದು, ನಾಳೆ ಮತ್ತೆ ಬೇಕು. ಸ್ಟೂಲು ಹಾಕಿಕೊಂಡು ಇಳಿಸಿ ಒರೆಸಿಟ್ಟೆ. ಸಿಟ್ಟು ತೀರಿಸಿಕೊಳ್ಳುವುದಕ್ಕೂ ಸ್ವಂತದ್ದೊಂದು ಸಾಮಾನಿಲ್ಲ ನನ್ನ ಹತ್ತಿರ.

ಫೆಬ್ರವರಿ ೧೧, ಬುಧವಾರ

ರಜೆ ಹಾಕಿ ಎಂಬತ್ತೈದರ ಲೆನ್ಸನ್ನೂ ತಂದೆ. "ನಾನು ಹೇಳಲಿಲ್ವಾ?" ಎಂದ ಅಂಗಡಿಯವನು. ಹೇಳಿದಿರಿ, ಹೇಳಿದಿರಿ, ಬೋರ್ಡು ಬರೆಸಿ ಹಾಕಿಕೊಳ್ಳಿ ಎಂದೆ.

ಮೂರೂ ಲೆನ್ಸು ತೆಗೆದುಕೊಂಡು ಅಪ್ಪನ ಅಂಗಡಿಗೆ ಹೋದೆ. ಮೊದಲು ಆ ಹನ್ನೊಂದು ಕಳ್ಳ ಫೋಟೋಗಳನ್ನು ತೋರಿಸಿದೆ. ಮುಚ್ಚಿಟ್ಟರೆ ಇನ್ನೊಂದು ಡ್ರಾಯರಾಗುತ್ತದೆ. ಅಪ್ಪ ಒಂದೊಂದನ್ನೇ ನೋಡಿದರು.

"ಮೂರು ಸಲ ಬಿತ್ತು ಅಲ್ವಾ ಆವತ್ತು."

"ಎಡಗಣ್ಣಿಗೆ ಹಾಕ್ಕೋಬಾರದಾ?"

"ಮೂವತ್ತಾರು ವರ್ಷದಿಂದ ಬಲಗಣ್ಣೇ ಕೆಲಸ ಮಾಡಿರೋದು. ಎಡಗಣ್ಣು ಬರೀ ಜೊತೆಗೆ ಕೂತಿತ್ತು. ಅದಕ್ಕೇನು ಬರುತ್ತೆ?"

ಕ್ಯಾಮೆರಾ ಅವರ ಕೈಗೆ ಕೊಟ್ಟೆ. ನನ್ನನ್ನು ತೆಗೀರಿ ಎಂದೆ. ಇಪ್ಪತ್ತನಾಲ್ಕು ಹಾಕಿ, ಒಂದು ಅಡಿ ದೂರದಲ್ಲಿ ಮುಖ ಒಡ್ಡಿ ಕೂತೆ. ಅಷ್ಟು ಹತ್ತಿರ ಆ ಗಾಜು ಬಂದರೆ ಹೇಗಿರುತ್ತದೆಂದು ಹನ್ನೊಂದು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಕಣ್ಣು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಅಪ್ಪ ಎಡಗಣ್ಣನ್ನು ಕ್ಯಾಮೆರಾದ ಕಿಂಡಿಗೆ ಒತ್ತಿ ಒಂದು ತೆಗೆದರು. ಇಬ್ಬರೂ ನೋಡಿದೆವು.

"ನಿನ್ನ ಮೂಗು ನಿಮ್ಮಮ್ಮನ ಕಡೆಯದು," ಎಂದರು. "ನಮ್ಮ ಕಡೆ ಯಾರಿಗೂ ಇಷ್ಟಿಲ್ಲ."

ನೂರಮೂವತ್ತೈದಕ್ಕೆ ರಸ್ತೆ ದಾಟಿ ಔಷಧಿ ಅಂಗಡಿಯ ಕಂಬದ ಹತ್ತಿರ ಅವರೇ ಹೋಗಿ ನಿಂತರು. ಅಲ್ಲಿಂದ ಏನೋ ಕೂಗಿದರು. ಸ್ಕೂಟರುಗಳ ಗದ್ದಲದಲ್ಲಿ ಒಂದಕ್ಷರ ಕೇಳಿಸಲಿಲ್ಲ. ಏನು, ಏನು ಎಂದು ನಾನು ಅರಚಿದೆ. ಫೋಟೋದಲ್ಲಿ ಯಾರ ಜೊತೆಗೋ ಜಗಳಕ್ಕೆ ನಿಂತವಳ ಹಾಗಿದ್ದೇನೆ.

ಎಂಬತ್ತೈದಕ್ಕೆ ಹಿಂದೆ ಹಿಂದೆ ಸರಿದು ಪಾದಚಾರಿ ದಾರಿಯ ಅಂಚಿನಲ್ಲಿ ನಿಂತರು. ಮೇಜಿನ ಟೇಪು ತೆಗೆದು ಅಳೆದೆವು, ಹನ್ನೊಂದು ಅಡಿ.

"ಇಲ್ಲಿಂದ ಮಾತು ಕೇಳಿಸುತ್ತಾ?" ಎಂದರು, ಮನೆಯಲ್ಲಿ ಮಾತಾಡುವ ದನಿಯಲ್ಲೇ.

"ಕೇಳಿಸುತ್ತೆ."

"ಹಾಗಾದ್ರೆ ಇದೇ ಸರಿ."

ಆ ಫೋಟೋದಲ್ಲಿ ನಾನು ನನ್ನ ಹಾಗೇ ಇದ್ದೇನೆ. ಹಣೆ ಗಂಟು ಹಾಕಿಕೊಂಡಿದ್ದೇನೆ, ಅದೂ ನಿಜವೇ. ಅಪ್ಪ ಬಹಳ ಹೊತ್ತು ನೋಡಿ, "ಆವತ್ತು ಇದನ್ಯಾಕೆ ತರಲಿಲ್ಲ?" ಎಂದರು.

"ಆವತ್ತು ನಾನು ಕೆಲಸಕ್ಕೆ ಬಂದಿದ್ದೆ ಅಪ್ಪ. ಮನೆಗೆ ಬಂದಿರಲಿಲ್ಲ."

ತಪ್ಪಾಯಿತು ಎಂದೆ. ಅಪ್ಪನಿಗೆ ಆ ಮಾತು ನಾನು ಕೊನೆಯ ಸಲ ಯಾವಾಗ ಹೇಳಿದ್ದೆನೋ ನೆನಪಿಲ್ಲ. ಮದುವೆಯ ದಿನ ನಿಲ್ಲುತ್ತೀರಾ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ನೂರಮೂವತ್ತೈದನ್ನು ವಾಪಸು ಕೊಟ್ಟು ಬಂದೆ.

ಫೆಬ್ರವರಿ ೨೦, ಶುಕ್ರವಾರ

ಮುಗಿಯಿತು. ಕಾಲು ಸೇದುತ್ತಿದೆ. ಆದರೂ ಬರೆದಿಡುತ್ತೇನೆ.

ಸಹಿಯ ಕಚೇರಿಯಲ್ಲಿ ಅಪ್ಪ ಬಾಗಿಲ ಹೊರಗಿನ ಬೆಂಚಿನಲ್ಲೇ ಕೂತಿದ್ದರು. ನಾನು ಸುಮ್ಮನಿದ್ದೆ. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ತಂಗಿ ಸಹಿ ಮಾಡುವಾಗ ಎರಡು ಸಲ ಬಾಗಿಲ ಕಡೆ ನೋಡಿದಳು. ಎರಡೂ ನನ್ನ ಕ್ಯಾಮೆರಾದಲ್ಲಿವೆ.

ಊಟದ ಹಾಲ್‌ನಲ್ಲಿ ಊಟದ ಸಾಲುಗಳನ್ನು ಬಿಟ್ಟು ಹನ್ನೊಂದು ಅಡಿ ಬೇಕೆಂದರೆ ನಾನು ಅಡುಗೆಮನೆಯ ಬಾಗಿಲಿಗೇ ಅಂಟಿಕೊಂಡು ನಿಲ್ಲಬೇಕು. ಬಡಿಸುವವರು ಹೋಗುತ್ತ ಬರುತ್ತ ಮೊಣಕೈಗೆ ತಗುಲಿಸಿದರು. ಒಬ್ಬನಂತೂ ಸಾರಿನ ಪಾತ್ರೆ ಹಿಡಿದು ನನ್ನನ್ನು ಕಂಬವೆಂದುಕೊಂಡು ಸುತ್ತು ಹಾಕಿದ. ಮಾವ ಎಲ್ಲರನ್ನೂ ಎಳೆದೆಳೆದು ನಿಲ್ಲಿಸುತ್ತಿದ್ದ. ಎತ್ತರದವರು ಹಿಂದೆ, ಮಕ್ಕಳು ಕೆಳಗೆ, ನೀನು ಹೊಟ್ಟೆ ಒಳಗೆ ತಗೋ. ನೆಂಟರೆಲ್ಲ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು. ತಂಗಿ ಗಂಡನಿಗೆ ಏನೋ ಹೇಳಿದಳು, ಅವನು ಪಕ್ಕಕ್ಕೆ ಸರಿದ. ಅವಳೊಬ್ಬಳೇ ನಿಂತಳು, ಪಕ್ಕದಲ್ಲಿ ಒಬ್ಬರ ಜಾಗ ಬಿಟ್ಟು.

ಅರವತ್ತು ಜನ ನೋಡುತ್ತಿದ್ದರು. ಅವಳು ಯಾರನ್ನೂ ಕರೆಯಲಿಲ್ಲ. ಆ ಹುಡುಗಿಯ ಧೈರ್ಯಕ್ಕೆ ನನಗೆ ಎಲ್ಲಿಲ್ಲದ ಕೋಪ ಬಂತು. ಅವರು ಬರದಿದ್ದರೆ ಏನು ಮಾಡುತ್ತಿದ್ದಳು?

ಮೂಲೆಯ ಕುರ್ಚಿಯಿಂದ ಅಪ್ಪ ಎದ್ದರು. ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡು ಬಂದು ಅವಳ ಪಕ್ಕ ನಿಂತರು.

ಮಾವ ಓಡಿದ. "ಭಾವ, ಸ್ವಲ್ಪ ಆ ಕಡೆ ತಿರುಗಿ. ಈ ಭಾಗ ಕಾಣೋದು ಬೇಡ."

ನಾನು ಕ್ಯಾಮೆರಾ ಇಳಿಸಿ, ಬಾಯಿಗೆ ಬಂದದ್ದನ್ನೆಲ್ಲ ಅನ್ನುವುದಕ್ಕೆ ಉಸಿರು ಎಳೆದುಕೊಂಡಿದ್ದೆ. ಅಪ್ಪನೇ ಹೇಳಿದರು, "ನೀನು ಸ್ವಲ್ಪ ಆ ಕಡೆ ಹೋಗಪ್ಪ. ಅವಳಿಗೆ ಅಡ್ಡ ಬರ್ತಿದ್ದೀಯ."

ಆಮೇಲೆ ನನ್ನ ಕಡೆ ನೇರವಾಗಿ ತಿರುಗಿ, "ಕೇಳಿಸ್ತಿದೆಯಾ?" ಎಂದರು.

"ಕೇಳಿಸ್ತಿದೆ ಅಪ್ಪ."

ತಂಗಿ ಅವರ ಕಿವಿಯಲ್ಲಿ ಏನೋ ಅಂದಳು, ಅವರು ನಕ್ಕರು. ಎಡಕೆನ್ನೆ ಮೇಲೆ ಹೋಯಿತು, ಬಲಕೆನ್ನೆ ಇದ್ದಲ್ಲೇ ಇತ್ತು. ಕಿಂಡಿಯ ಗಾಜು ಮಂಜಾಗಿ ಏನೂ ಸರಿಯಾಗಿ ಕಾಣಲಿಲ್ಲ. ಅಡುಗೆಮನೆಯ ಬಾಗಿಲಿಗೆ ನಿಂತರೆ ಇನ್ನೇನಾಗುತ್ತದೆ, ಎಲ್ಲ ಹಬೆ. ನಾಲ್ಕು ತೆಗೆದೆ.

ಫೆಬ್ರವರಿ ೨೬, ಗುರುವಾರ

ಫೋಟೋ ಪ್ರಿಂಟ್ ಹಾಕಿಸಿದೆ. ತಂಗಿಗೊಂದು, ಅಪ್ಪನಿಗೊಂದು. ಅಂಗಡಿಗೆ ಒಯ್ದು ಮೇಜಿನ ಮೇಲಿಟ್ಟು, ಚೆನ್ನಾಗಿ ಬಂದಿಲ್ಲದಿದ್ದರೆ ಹೇಳಿ, ಆ ಸಾರಿನವನದ್ದೇ ತಪ್ಪು ಎಂದೆ.

ಅಪ್ಪ ಕೈ ಒರೆಸಿಕೊಂಡರು. ಭೂತಗನ್ನಡಿ ತೆಗೆದು ಎಡಗಣ್ಣಿಗೆ ಸಿಕ್ಕಿಸಿಕೊಂಡರು. ಬೀಳಲಿಲ್ಲ. ಯಾವಾಗ ಕಲಿತಿರಿ ಎಂದು ಕೇಳುವಷ್ಟರಲ್ಲಿ ಫೋಟೋ ಎತ್ತಿಕೊಂಡಿದ್ದರು. ಮೊದಲು ತಂಗಿಯ ಮುಖ ನೋಡಿದರು, ಆಮೇಲೆ ತಮ್ಮದು, ಎಡಗಡೆ, ಬಲಗಡೆ, ಗಡಿಯಾರದ ಒಂದು ಚಕ್ರವನ್ನೂ ಬಿಡದೆ ನೋಡುವ ಹಾಗೆ. ನಂತರ ಫೋಟೋವನ್ನು ತಿರುಗಿಸಿ ಹಿಂಬದಿ ನೋಡಿದರು.

"ಏನೂ ಬರೆದಿಲ್ಲ?"

"ಇಲ್ಲ."

"ಬರಿ," ಎಂದು ತಮ್ಮ ಪೆನ್ನು ಕೊಟ್ಟರು.

ಬೆಳಿಗ್ಗೆಯಿಂದ ಸಂಜೆಯವರೆಗೆ ಬರೆಯುವ ಕೈ ಇದು. ಎಷ್ಟು ಹೊತ್ತಾದರೂ ಒಂದಕ್ಷರ ಮೂಡಲಿಲ್ಲ. ಅವರು ಕಾದರು. ಗಿರಾಕಿಯೊಬ್ಬ ಬಂದು ಗಡಿಯಾರ ಮುಂದಿಟ್ಟ, ಬಿಟ್ಟು ಹೋಗಿ, ನೋಡ್ತೀನಿ ಎಂದು ಅವನನ್ನು ಕಳಿಸಿದರು. ಕೊನೆಗೆ ಬರೆದೆ: ಅಪ್ಪ.

ಅವರು ಭೂತಗನ್ನಡಿಯನ್ನು ಮತ್ತೆ ಎಡಗಣ್ಣಿಗೆ ಒತ್ತಿಕೊಂಡು, ಆ ಎರಡಕ್ಷರವನ್ನು ಫೋಟೋ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ನಂಬರು?" ಎಂದರು.

"ಇದಕ್ಕಿಲ್ಲ," ಎಂದೆ.